ಕಡ್ಡಾಯ ಪತ್ರಿಕೆ ಮತ್ತು ಊರ ಕೆರೆ

ಸೆಮಿಸ್ಟರ್ ಪರೀಕ್ಷೆಗೆ ಇನ್ನೆರಡು ದಿನ ಇರುವಾಗ ಯಾವ ಡಿಗ್ರಿ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋದರೂ ಹೆಚ್ಚುಕಡಿಮೆ ಒಂದೇ ನೋಟ. ಕೌಂಟರಿನ ಮೇಲೆ ಅಕೌಂಟೆನ್ಸಿ, ಕಾಸ್ಟಿಂಗ್, ಡೇಟಾ ಸ್ಟ್ರಕ್ಚರ್ಸ್ ನೋಟ್ಸುಗಳ ದಪ್ಪ ಕಟ್ಟುಗಳು. ಪಕ್ಕದಲ್ಲಿ ಪಿನ್ ಹೊಡೆದ ಎಂಟು-ಹತ್ತು ಹಾಳೆಯ ತೆಳು ಕಂತೆ. ಅದು ಇ.ವಿ.ಎಸ್., ಅಂದರೆ ಪರಿಸರ ಅಧ್ಯಯನ. ಇಲ್ಲವೇ ಭಾರತದ ಸಂವಿಧಾನ. ‘ಪಾಸಿಂಗ್ ಪ್ಯಾಕೇಜ್ ಕೊಡಿ ಅಣ್ಣಾ’ ಎಂದರೆ ಸಾಕು, ಯಾವುದು ಅಂತ ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ವರ್ಷದ ಪ್ರಶ್ನೆಪತ್ರಿಕೆಗಳಲ್ಲಿ ತಿರುತಿರುಗಿ ಬಂದ ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಅರ್ಧ ಪುಟದ ಉತ್ತರ. ಒಂದು ರಾತ್ರಿ ಓದಿದರೆ ಪತ್ರಿಕೆ ಮುಗಿಯಿತು.

ಆ ಕಂತೆ ಕೊಳ್ಳುವ ಹುಡುಗ ಸೋಮಾರಿಯಲ್ಲ. ಅದೇ ಹುಡುಗ ಕಾಸ್ಟಿಂಗ್ ಲೆಕ್ಕವೊಂದು ಹೊಂದದಿದ್ದರೆ ನಾಲ್ಕು ಸಲ ಅಳಿಸಿ ಮಾಡುತ್ತಾನೆ. ಈ ಪತ್ರಿಕೆ ತನ್ನಿಂದ ಏನನ್ನೂ ಕೇಳುತ್ತಿಲ್ಲ ಎಂದು ಅವನು ತೀರ್ಮಾನಿಸಿದ್ದಾನೆ, ಅಷ್ಟೇ. ಈಗ ಪತ್ರಿಕೆ ನಡೆಯುತ್ತಿರುವ ರೀತಿ ನೋಡಿದರೆ ಆ ತೀರ್ಮಾನ ಸರಿಯಾಗಿಯೇ ಇದೆ. ನನ್ನನ್ನು ಕೊರೆಯುವುದು ಇದು. ಏಕೆಂದರೆ ಬಿ.ಕಾಂ. ಓದುವವನೂ ಪರಿಸರ ಓದಬೇಕು, ಎಂಜಿನಿಯರಿಂಗ್ ಓದುವವಳೂ ಸಂವಿಧಾನ ಮತ್ತು ಕನ್ನಡ ಓದಬೇಕು ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪುವವರು ಮೊದಲು ಆ ತೆಳು ಕಂತೆಗೆ ಉತ್ತರ ಕೊಡಬೇಕು.

ಈ ಪತ್ರಿಕೆಗಳು ಯಾರದೋ ಹುಕಿಗೆ ಹುಟ್ಟಿದವಲ್ಲ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರವನ್ನು ಶಾಲೆ-ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಿ ಎಂದು ಹೇಳಿತ್ತು. ಜಾರಿಗೆ ಬರಲು ಹನ್ನೆರಡು ವರ್ಷ ಹಿಡಿದು, 2003ರಲ್ಲಿ ಕೋರ್ಟು ಮತ್ತೆ ಕಿವಿ ಹಿಂಡಿದ ಮೇಲೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಆರು ತಿಂಗಳ ಪಠ್ಯಕ್ರಮ ಎಲ್ಲ ಪದವಿಗಳಿಗೂ ಬಂತು. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ಓಪನ್ ಎಲೆಕ್ಟಿವ್ ಬಂದವು: ಮೊದಲ ನಾಲ್ಕು ಸೆಮಿಸ್ಟರುಗಳಲ್ಲಿ ತಲಾ 3 ಕ್ರೆಡಿಟ್, ತನ್ನ ವಿಭಾಗದ ಹೊರಗಿನ ವಿಷಯವನ್ನೇ ಆಯಬೇಕು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಪಠ್ಯಕ್ರಮ ಇನ್ನೊಮ್ಮೆ ಬದಲಾಯಿತು. ನೀತಿ ಬದಲಾದಾಗಲೆಲ್ಲ ಪತ್ರಿಕೆಯ ಹೆಸರು, ಕ್ರೆಡಿಟ್ಟು, ಇಂಟರ್ನಲ್ಸ್ ಅಂಕ ಬದಲಾಗುತ್ತವೆ. ಜೆರಾಕ್ಸ್ ಅಂಗಡಿಯ ಕಂತೆ ಮಾತ್ರ ಹಾಗೇ ಇರುತ್ತದೆ. ತೊಡಕು ನೀತಿಯ ಕಡತದಲ್ಲಿಲ್ಲ, ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ ಟೈಮ್ ಟೇಬಲ್ಲಿನಲ್ಲಿದೆ.

ಇದು ಯಾರ ಪಾಲಿಗೆ ಬರುತ್ತದೆ

ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಇರಬೇಕು. ಜೂನ್-ಜುಲೈನಲ್ಲಿ ವರ್ಕ್‌ಲೋಡ್ ಹಂಚುವ ದಿನ ಮೊದಲು ಕೂರುವುದು ಮುಖ್ಯ ವಿಷಯಗಳು. ಒಬ್ಬರಿಗೆ 12 ಗಂಟೆ ಆಯಿತು, ನಾಲ್ಕು ಸಾಲಲಿಲ್ಲ ಎನ್ನಿ. ಆ ನಾಲ್ಕನ್ನು ತುಂಬಲು ಕೈಗೆ ಸಿಗುವುದೇ ಕಡ್ಡಾಯ ಪತ್ರಿಕೆ. ಹೀಗೆ ಪರಿಸರ ಅಧ್ಯಯನ ಒಂದು ಸೆಕ್ಷನ್ನಿನಲ್ಲಿ ವಾಣಿಜ್ಯದವರಿಗೆ, ಇನ್ನೊಂದರಲ್ಲಿ ಹಿಂದಿಯವರಿಗೆ, ಉಳಿದದ್ದು ಸೆಮಿಸ್ಟರ್ ಶುರುವಾಗಿ ತಿಂಗಳಾದ ಮೇಲೆ ನೇಮಕವಾಗುವ ಅತಿಥಿ ಉಪನ್ಯಾಸಕರಿಗೆ ಹೋಗುತ್ತದೆ. ಹಿಂದಿ ಮೇಷ್ಟ್ರು ಪರಿಸರ ಪಾಠ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಸಿದ್ಧತೆಗೆ ಹದಿನೈದು ದಿನ ಕೊಟ್ಟರೆ ಅವರೇ ಎಲ್ಲರಿಗಿಂತ ಚೆನ್ನಾಗಿ ಮಾಡಬಹುದು. ಅವರಿಗೆ ಗೊತ್ತಾಗುವುದೇ ತರಗತಿ ಶುರುವಾಗುವ ಹಿಂದಿನ ದಿನ, ಮುಂದಿನ ವರ್ಷ ಅದೇ ಪತ್ರಿಕೆ ತಮಗೇ ಬರುತ್ತದೆಂಬ ಭರವಸೆಯೂ ಇಲ್ಲ. ಒಂದು ವರ್ಷಕ್ಕೆಂದು ಯಾರು ತಾನೇ ಹೊಸ ಪಾಠ ಕಟ್ಟುತ್ತಾರೆ? ಗೈಡ್ ಹಿಡಿದು ನೋಟ್ಸ್ ಬರೆಸುತ್ತಾರೆ. ಆ ನೋಟ್ಸೇ ಜೆರಾಕ್ಸ್ ಅಂಗಡಿಗೆ ಹೋಗುತ್ತದೆ.

ಎರಡನೆಯದು ಗಂಟೆ. ಕಡ್ಡಾಯ ಪತ್ರಿಕೆಗೆ ಸಿಗುವುದು ಸಾಮಾನ್ಯವಾಗಿ ಕೊನೆಯ ಪೀರಿಯಡ್, ಇಲ್ಲವೇ ಶನಿವಾರ. ಎರಡು ಸೆಕ್ಷನ್ ಸೇರಿಸಿ 120 ಮಂದಿಯನ್ನು ಸೆಮಿನಾರ್ ಹಾಲಿನಲ್ಲಿ ಕೂರಿಸುತ್ತಾರೆ. ನಾಲ್ಕೂಕಾಲಿನ ಬಸ್ಸು ತಪ್ಪಿದರೆ ಊರಿಗೆ ಮತ್ತೆ ಆರಕ್ಕೇ ಬಸ್ಸು ಎನ್ನುವ ಹುಡುಗಿಯ ಮನಸ್ಸು ಪಾಠದಲ್ಲಿ ನಿಲ್ಲುವುದು ಹೇಗೆ?

ಓಪನ್ ಎಲೆಕ್ಟಿವ್ ಸೊರಗಿದ್ದೂ ಇಲ್ಲೇ. ಬಿ.ಎಸ್ಸಿ. ಹುಡುಗಿ ಇತಿಹಾಸ, ಬಿ.ಎ. ಹುಡುಗ ಷೇರುಪೇಟೆ ಕಲಿಯಬೇಕಾದರೆ ಇಡೀ ಕಾಲೇಜಿಗೆ ಆ ಮೂರು ಗಂಟೆ ಒಟ್ಟಿಗೆ ಬಿಡುವಿರಬೇಕು. ಹತ್ತು ವಿಭಾಗ, ಇಪ್ಪತ್ತೈದು ಕೋಣೆ ಇರುವ ಕಾಲೇಜಿನಲ್ಲಿ ಇದು ಆಗುವ ಮಾತು. ಕಲೆ ಮತ್ತು ವಾಣಿಜ್ಯ ಮಾತ್ರ ಇರುವ, ಎಂಟು ಕೋಣೆಯ ಪ್ರಥಮ ದರ್ಜೆ ಕಾಲೇಜಿನಲ್ಲಿ ‘ಆಯ್ಕೆ’ ಎಂದರೆ ಇರುವ ಎರಡರಲ್ಲಿ ಒಂದು. ಅದೂ ಯಾರಿಗೆ ಗಂಟೆ ಕಡಿಮೆ ಬಿದ್ದಿದೆಯೋ ಅವರ ವಿಷಯ.

ಒಂದು ಗಂಟೆಯ ಕನ್ನಡ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’ ಇದೆ. 2022ರ ಸ್ಕೀಮಿನಲ್ಲಿ ಅದು 1 ಕ್ರೆಡಿಟ್, ವಾರಕ್ಕೆ ಒಂದು ಗಂಟೆ, ಸೆಮಿಸ್ಟರಿಗೆ ಸುಮಾರು 15 ಗಂಟೆ. ಪರೀಕ್ಷೆ ಒಂದು ಗಂಟೆಯದು, ಒಂದೊಂದು ಅಂಕದ 50 ಬಹು ಆಯ್ಕೆ ಪ್ರಶ್ನೆ. ಸಂವಿಧಾನಕ್ಕೂ ಇದೇ ಅಳತೆ.

ಹದಿನೈದು ಗಂಟೆಯಲ್ಲಿ ಪಟನಾದಿಂದ ಬಂದ ಹುಡುಗನಿಗೆ ಎಷ್ಟು ಕನ್ನಡ ಬರಬಹುದು? ಅಂದುಕೊಂಡದ್ದಕ್ಕಿಂತ ಹೆಚ್ಚು. ಆಟೋದವರಿಗೆ ದಾರಿ ಹೇಳುವುದು, ಮೆಸ್ಸಿನಲ್ಲಿ ‘ಸ್ವಲ್ಪ ಹಾಕಿ, ಸಾಕು’ ಎನ್ನುವುದು, ಮೆಡಿಕಲ್ ಶಾಪಿನಲ್ಲಿ ನೋವು ಎಲ್ಲಿ ಎಂದು ತೋರಿಸಿ ಹೇಳುವುದು, ಮನೆ ಓನರ್ ಆಂಟಿಗೆ ನೀರು ಬರುತ್ತಿಲ್ಲ ಎಂದು ಮರ್ಯಾದೆಯಿಂದ ದೂರುವುದು. ಇಷ್ಟಕ್ಕೆ ಹದಿನೈದು ಗಂಟೆ ಸಾಕು, ಆದರೆ ಆ ಹದಿನೈದೂ ಗಂಟೆ ಬಾಯಿಬಿಟ್ಟು ಆಡಿಸಬೇಕು. ಬಾಯಿಗೆ ಬರಬೇಕಾದ ವಿದ್ಯೆಗೆ ನಾಲ್ಕರಲ್ಲಿ ಒಂದು ಗುಳ್ಳೆ ತುಂಬುವ ಪರೀಕ್ಷೆ ಇಟ್ಟ ಮೇಲೆ ಯಾರೂ ಬಾಯಿ ಬಿಡುವುದಿಲ್ಲ. ‘ಹೋಗುತ್ತೇನೆ’ಯ ಭೂತಕಾಲ ಯಾವುದು ಎಂಬುದಕ್ಕೆ ಸರಿಯಾದ ಅಕ್ಷರ ಗುರುತಿಸಿ ಹೊರಬಂದ ಹುಡುಗ ಗೇಟಿನ ವಾಚ್‌ಮನ್ ಹತ್ತಿರ ಹಿಂದಿಯಲ್ಲೇ ಮಾತಾಡುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ನಾವು ಅಳೆದದ್ದನ್ನು ಅವನು ಕಲಿತಿದ್ದಾನೆ. ಇಂಟರ್ನಲ್ಸಿನ ಅಂಕ ಕಾಲೇಜಿನ ಕೈಯಲ್ಲೇ ಇರುತ್ತದೆ. ಅದರಲ್ಲಿ ಒಂದು ಭಾಗವನ್ನು ಒಬ್ಬೊಬ್ಬರ ಜೊತೆ ಮೂರು ನಿಮಿಷದ ಮಾತುಕತೆಗೆ ಇಟ್ಟರೆ 60 ಮಂದಿಗೆ ಮೂರು ಗಂಟೆ. ಯಾವ ಆದೇಶಕ್ಕೂ ಕಾಯಬೇಕಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಶುರು ಮಾಡಿದಾಗ ಗಣಿತದ ಹುಡುಗನೂ ಜೀವಶಾಸ್ತ್ರದ ಹುಡುಗಿಯೂ ಮೊದಲ ಮೂರು ಸೆಮಿಸ್ಟರ್ ಎಲ್ಲ ವಿಜ್ಞಾನಗಳನ್ನೂ, ಜೊತೆಗೆ ಒಂದಷ್ಟು ಎಂಜಿನಿಯರಿಂಗ್ ಮತ್ತು ಮಾನವಿಕವನ್ನೂ ಓದಬೇಕೆಂದು ಇಟ್ಟಿತು. ಅಲ್ಲಿನ ಅನುಕೂಲ ಎಲ್ಲ ಕಡೆ ಇಲ್ಲ ಎಂಬುದು ನಿಜ. ಹಾಗಾದರೆ ಬಸ್ಸಿಲ್ಲದ, ಲ್ಯಾಬಿಲ್ಲದ ಕಾಲೇಜಿನಲ್ಲಿ ಏನು ಮಾಡಬಹುದು ಎಂಬುದನ್ನೇ ನೋಡೋಣ.

ಐದು ಗಂಟೆ, 25 ಅಂಕ

ಯುಜಿಸಿಯ ಆ ಮೊದಲ ಪಠ್ಯಕ್ರಮದಲ್ಲಿ 8 ಘಟಕ, 50 ತರಗತಿ. ಎಂಟನೆಯ ಘಟಕ ಫೀಲ್ಡ್ ವರ್ಕ್: ಐದು ತರಗತಿಯಷ್ಟು ಹೊತ್ತು, ನೂರರಲ್ಲಿ 25 ಅಂಕ. ಆಮೇಲೆ ವಿಶ್ವವಿದ್ಯಾಲಯಗಳು ಇದನ್ನು ತಮತಮಗೆ ಬೇಕಾದಂತೆ ತಿದ್ದಿಕೊಂಡಿವೆ. ಆದರೆ ಇಡೀ ಪತ್ರಿಕೆಯ ಜೀವ ಇದ್ದದ್ದು ಈ ಐದು ಗಂಟೆಯಲ್ಲಿ, ಮೊದಲು ಸತ್ತದ್ದೂ ಅದೇ. ಹಳೆಯ ಬ್ಯಾಚಿನ ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟ ಬದಲಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಇಪ್ಪತ್ತೈದಕ್ಕೆ ಇಪ್ಪತ್ತೆರಡು ಬರುತ್ತದೆ.

ಕಾಲೇಜಿನಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ಕೆರೆ ನಮ್ಮ ಬಯಲುಸೀಮೆಯ ಬಹುತೇಕ ಊರುಗಳಲ್ಲಿ ಇದೆ. ಆರಾರು ಜನರ ಹತ್ತು ಗುಂಪು ಮಾಡಿ, ಐದು ಗಂಟೆಯನ್ನು ಹೀಗೆ ಹಂಚಬಹುದು.

ಮೊದಲ ಗಂಟೆ ತರಗತಿಯಲ್ಲೇ, ಗ್ರಾಮ ನಕ್ಷೆಯ ಮುಂದೆ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಹಳೆಯ ನಕ್ಷೆಯ ಪ್ರಮಾಣ ಸಾಮಾನ್ಯವಾಗಿ 1:7920, ಅಂದರೆ ಕಾಗದದ ಒಂದು ಇಂಚು ನೆಲದ ಮೇಲೆ 660 ಅಡಿ. ಕೆರೆಯ ಗಡಿಯನ್ನು ಟ್ರೇಸಿಂಗ್ ಹಾಳೆಯಲ್ಲಿ ಎಳೆದು, ಚೌಕ ಎಣಿಸಿ, ಎಕರೆ-ಗುಂಟೆ ಮಾಡಬೇಕು. ಗುಂಟೆಗೆ 1089 ಚದರಡಿ, 40 ಗುಂಟೆಗೆ ಒಂದು ಎಕರೆ. ಆಮೇಲೆ ಅದೇ ಕೆರೆಯ ಪಹಣಿ ತೆಗೆದು ಎರಡನ್ನೂ ಹೋಲಿಸಬೇಕು. ಇಲ್ಲಿ ಆಗುವ ಸಾಮಾನ್ಯ ತಪ್ಪು ಎಂದರೆ, ಪ್ರಿಂಟ್ ತೆಗೆಯುವಾಗ ನಕ್ಷೆ ಎ4 ಹಾಳೆಗೆ ಕುಗ್ಗಿರುತ್ತದೆ, ಪ್ರಮಾಣ ಕೆಟ್ಟಿರುತ್ತದೆ. ನಕ್ಷೆಯ ಮೇಲಿನ ಅಳತೆಪಟ್ಟಿ ನೋಡಿ ಹೊಸ ಪ್ರಮಾಣ ಲೆಕ್ಕ ಹಾಕಿಕೊಳ್ಳದಿದ್ದರೆ ಕೆರೆಯ ಅರ್ಧಭಾಗ ಒತ್ತುವರಿ ಆಗಿದೆ ಎಂದು ಸುಳ್ಳೇ ಗಾಬರಿಯಾಗುತ್ತದೆ.

ಮುಂದಿನ ಎರಡು ಗಂಟೆ ಕೆರೆಯ ಏರಿ ಮೇಲೆ. ಕೆರೆಗೆ ಬಂದು ಬೀಳುವ ಕಾಲುವೆ ಒಂದು ಕಡೆ ನೇರವಾಗಿ ಹರಿಯುವ ಜಾಗ ಹುಡುಕಿ 10 ಮೀಟರ್ ಗುರುತು ಮಾಡಿ. ದಡದಿಂದ ಒಂದು ನಿಂಬೆಹಣ್ಣು ಎಸೆಯಿರಿ. ಥರ್ಮಾಕೋಲ್ ಬೇಡ, ಅದು ಗಾಳಿಗೆ ಓಡುತ್ತದೆ. ನಿಂಬೆಹಣ್ಣು ಬಹುಪಾಲು ಮುಳುಗಿ ನೀರಿನ ಜೊತೆಗೇ ಹೋಗುತ್ತದೆ. ಮೂರು ಸಲ ಎಸೆದು ಸರಾಸರಿ ತೆಗೆಯಿರಿ. 25 ಸೆಕೆಂಡ್ ಹಿಡಿಯಿತು ಎನ್ನೋಣ, ಆಗ ವೇಗ ಸೆಕೆಂಡಿಗೆ 0.4 ಮೀಟರ್. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಹರಿಯುವುದರಿಂದ ಅದನ್ನು 0.85ರಿಂದ ಗುಣಿಸಬೇಕು: 0.34. ಕಾಲುವೆಯಲ್ಲಿ ನೀರಿನ ಅಗಲ ಒಂದೂವರೆ ಮೀಟರ್, ಆಳ 0.3 ಮೀಟರ್ ಇದ್ದರೆ ಸೆಕೆಂಡಿಗೆ ಹರಿಯುವುದು 153 ಲೀಟರ್. ದಿನಕ್ಕೆ ಸುಮಾರು 1 ಕೋಟಿ 32 ಲಕ್ಷ ಲೀಟರ್.

ಇಲ್ಲಿಯವರೆಗೆ ಇದು ಹೈಸ್ಕೂಲು ಲೆಕ್ಕ. ಮುಂದಿನದು ಬಿ.ಕಾಂ.ನವರ ಕೈಗೆ ಹೋಗಲಿ. ನಗರದ ನೀರು ಯೋಜನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ, ಅದರಲ್ಲಿ ನೂರಕ್ಕೆ 80 ಪಾಲು ಚರಂಡಿಗೆ ಹೋಗುತ್ತದೆಂದು ಎಣಿಕೆ. ಅಂದರೆ ಒಬ್ಬರಿಂದ 108 ಲೀಟರ್. ಬೇಸಿಗೆಯಲ್ಲಿ, ಮಳೆ ಇಲ್ಲದಾಗ ಆ ಕಾಲುವೆಯಲ್ಲಿ ಇಷ್ಟು ನೀರಿದ್ದರೆ ಅದು ಹತ್ತಿರ ಹತ್ತಿರ 1 ಲಕ್ಷ 22 ಸಾವಿರ ಜನರ ಕೊಳಚೆ. ಊರಿನ ಜನಸಂಖ್ಯೆಯೇ ಎಂಬತ್ತು ಸಾವಿರ ಇದ್ದರೆ? ಆಗ ಶುರುವಾಗುತ್ತದೆ ನಿಜವಾದ ಪಾಠ. ಯಾವುದಾದರೂ ಕಾರ್ಖಾನೆ ನೀರು ಬಿಡುತ್ತಿದೆಯೇ? ನಾವು ಅಳೆದದ್ದು ಬೆಳಗ್ಗೆ ಎಂಟಕ್ಕೆ, ಎಲ್ಲರ ಮನೆಯಲ್ಲೂ ಸ್ನಾನ-ಪಾತ್ರೆ ನಡೆಯುವ ಹೊತ್ತಿಗೆ. ಅದನ್ನು ಇಡೀ ದಿನಕ್ಕೆ ಹಿಗ್ಗಿಸಿದ್ದು ತಪ್ಪಾಯಿತೇ? ಹೌದು, ತಪ್ಪಾಯಿತು. ಮಧ್ಯಾಹ್ನ ಎರಡಕ್ಕೂ ರಾತ್ರಿ ಹತ್ತಕ್ಕೂ ಮತ್ತೆ ಅಳೆಯಬೇಕು. ರಾತ್ರಿಯ ಅಳತೆಗೆ ಊರಿನವರೇ ಆದ ಇಬ್ಬರು ವಿದ್ಯಾರ್ಥಿಗಳು, ಜೊತೆಗೆ ಮನೆಯ ಹಿರಿಯರೊಬ್ಬರು ಇದ್ದರೆ ಆಯಿತು. ಒಂದು ಸಂಖ್ಯೆಯನ್ನು ಅನುಮಾನಿಸಿ ಇನ್ನೊಮ್ಮೆ ಅಳೆಯುವುದನ್ನು ಒಬ್ಬ ಲೆಕ್ಕಪರಿಶೋಧಕ ಜೀವಮಾನವೆಲ್ಲ ಮಾಡಬೇಕು. ಕಾಸ್ಟಿಂಗ್ ಪುಸ್ತಕದಲ್ಲಿ ಸಂಖ್ಯೆಗಳು ಅಚ್ಚಾಗಿಯೇ ಬರುತ್ತವೆ, ಅನುಮಾನಿಸಲು ಅಲ್ಲಿ ಎಡೆಯಿಲ್ಲ.

ರಸಾಯನಶಾಸ್ತ್ರದ ಲ್ಯಾಬ್ ಇರುವ ಕಾಲೇಜಾದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನೂ ಅಳೆಯಬಹುದು. 300 ಮಿ.ಲೀ. ಗಾಜಿನ ಬಾಟಲಿಯನ್ನು ನೀರಿನೊಳಗೇ ಮುಚ್ಚಬೇಕು. ಒಂದು ಗುಳ್ಳೆ ಒಳಗೆ ಉಳಿದರೂ ಲೆಕ್ಕ ಏರುತ್ತದೆ. ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ತಲಾ 2 ಮಿ.ಲೀ. ಹಾಕಿ ಆಮ್ಲಜನಕವನ್ನು ‘ಕಟ್ಟಿಹಾಕಿ’, ಉಳಿದ ಟೈಟ್ರೇಷನ್ ಕಾಲೇಜಿಗೆ ಬಂದು ಮಾಡಬೇಕು. ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆಯಾದರೆ ಮೀನಿಗೆ ಕಷ್ಟ. ಒಂದು ಮೋಸವಿದೆ ಇದರಲ್ಲಿ. ಹಸಿರು ಪಾಚಿ ಕಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಅಳೆದರೆ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ, ಪಾಚಿ ಬಿಸಿಲಿನಲ್ಲಿ ಅದನ್ನೇ ಬಿಡುತ್ತಿರುತ್ತದೆ. ರಾತ್ರಿಯಿಡೀ ಅದೇ ಪಾಚಿ ಉಸಿರಾಡಿ ಖಾಲಿ ಮಾಡುತ್ತದೆ. ಹಾಗಾಗಿಯೇ ಮೀನು ಸತ್ತು ತೇಲುವುದು ಸಾಮಾನ್ಯವಾಗಿ ಬೆಳಗಿನ ಜಾವ. ಹನ್ನೆರಡು ಗಂಟೆಗೆ ಬಂದು ಅಳೆದುಕೊಂಡು ಹೋದವರ ವರದಿಯಲ್ಲಿ ಕೆರೆ ಆರೋಗ್ಯವಾಗಿರುತ್ತದೆ.

ಲ್ಯಾಬ್ ಇಲ್ಲದಿದ್ದರೆ ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯಬಹುದು, ಅದಕ್ಕೆ 20 ಸೆಂ.ಮೀ. ಅಗಲದ ಸ್ಟೀಲ್ ತಟ್ಟೆ ಸಾಕು. ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಪೇಂಟು ಬಳಿದು, ನಡುವೆ ತೂತು ಕೊರೆದು, ಕೆಳಗೆ ಕಲ್ಲು ಕಟ್ಟಿ, ಹತ್ತು ಸೆಂ.ಮೀ.ಗೊಂದು ಗಂಟು ಹಾಕಿದ ಹಗ್ಗದಲ್ಲಿ ತೂಬಿನ ಕಟ್ಟೆಯಿಂದ ಇಳಿಬಿಡುವುದು. ಕಣ್ಣಿಗೆ ಮರೆಯಾದ ಆಳ ಮತ್ತು ಎಳೆಯುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ. ಆಳದ ನೀರಿಗೆ ಯಾರೂ ಇಳಿಯಬಾರದು ಎಂಬ ಮಾತನ್ನು ಹೊರಡುವ ಮೊದಲೇ ಖಡಾಖಂಡಿತವಾಗಿ ಹೇಳಿರಬೇಕು.

ಒಂದು ಗುಂಪು ಅಳತೆ ಬಿಟ್ಟು ಜನರ ಹತ್ತಿರ ಹೋಗಬೇಕು. ಕನ್ನಡ ಪತ್ರಿಕೆ ಕೆಲಸಕ್ಕೆ ಬರುವುದು ಇಲ್ಲಿ. ತೂಬು, ಕೋಡಿ, ಏರಿ, ಅಚ್ಚುಕಟ್ಟು, ನೀರಗಂಟಿ ಎಂಬ ಮಾತುಗಳು ಗೊತ್ತಿಲ್ಲದ ಹುಡುಗಿ ಹಿರಿಯರ ಮುಂದೆ ನಿಂತು ‘ಅಜ್ಜಾ, ಈ ಲೇಕ್ ಮೊದಲು ಹೇಗಿತ್ತು?’ ಎಂದು ಕೇಳುತ್ತಾಳೆ. ಉತ್ತರವೂ ಅಷ್ಟೇ ಸಪ್ಪೆ: ‘ಚೆನ್ನಾಗಿತ್ತಮ್ಮ.’ ಅದೇ ‘ಕೊನೇ ಸಲ ಕೋಡಿ ಬಿದ್ದಿದ್ದು ಯಾವಾಗ ಅಜ್ಜಾ? ಆಗ ನೀರಗಂಟಿ ಯಾರಿದ್ರು?’ ಎಂದು ಕೇಳಿದರೆ ಅವರು ಕೂತುಕೊಳ್ಳಲು ಜಾಗ ಮಾಡಿಕೊಡುತ್ತಾರೆ. ಮಗಳ ಮದುವೆಯ ವರ್ಷ ಎಂದೋ, ಬಸ್ಸು ಏರಿ ಮೇಲೆ ನಿಂತುಹೋಗಿದ್ದ ವರ್ಷ ಎಂದೋ ನೆನಪು ತೆಗೆಯುತ್ತಾರೆ. ಯಾವ ಗದ್ದೆಗೆ ಯಾವತ್ತು ನೀರು ಬಿಡುತ್ತಿದ್ದರು, ಅದಕ್ಕೆ ನೀರಗಂಟಿಗೆ ಎಷ್ಟು ಕಾಳು ಕೊಡುತ್ತಿದ್ದರು ಎಂಬ ಲೆಕ್ಕ ಹೊರಬರುತ್ತದೆ. ಅದು ಅರ್ಥಶಾಸ್ತ್ರ, ಇತಿಹಾಸ ಎರಡೂ.

150 ಪದ

ನಾಲ್ಕನೆಯ ಗಂಟೆ ಲೆಕ್ಕ ಹೊಂದಿಸಲು. ಐದನೆಯದನ್ನು ಸಂವಿಧಾನ ಪತ್ರಿಕೆಯವರ ಜೊತೆ ಸೇರಿ ಮಾಡಬೇಕು, ಮಾಹಿತಿ ಹಕ್ಕು ಅರ್ಜಿಗೆ. ಮೂಲಭೂತ ಹಕ್ಕುಗಳನ್ನು ಆರು ಅಂಶಗಳಲ್ಲಿ ಪಟ್ಟಿ ಮಾಡಿಸುವುದಕ್ಕಿಂತ ಅರ್ಜಿ ಶುಲ್ಕದ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೊಳ್ಳಲು ಅಂಚೆ ಕಚೇರಿಗೆ ಕಳಿಸುವುದು ಹೆಚ್ಚು ಕಲಿಸುತ್ತದೆ ಎಂದು ನನ್ನ ದೃಢವಾದ ನಂಬಿಕೆ.

ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ವಿದ್ಯಾರ್ಥಿಗಳ ಮೊದಲ ಕರಡು ಹೆಚ್ಚಾಗಿ ಹೀಗಿರುತ್ತದೆ: ‘ನಮ್ಮ ಕೆರೆ ಬಹಳ ಮಲಿನವಾಗಿದ್ದು, ಇದನ್ನು ಏಕೆ ಸ್ವಚ್ಛಗೊಳಿಸಿಲ್ಲ?’ ಇದಕ್ಕೆ ಅಧಿಕಾರಿ ಉತ್ತರಿಸಬೇಕಿಲ್ಲ. ಕಚೇರಿಯ ಬಳಿ ಇರುವ ದಾಖಲೆಯನ್ನು ಕೇಳಬಹುದು, ‘ಏಕೆ’ ಎಂದು ವಿವರಣೆ ಕೇಳಲು ಬರುವುದಿಲ್ಲ. ಕರಡು ತಿದ್ದಬೇಕು: ‘ಸರ್ವೆ ನಂ. ಇಂಥದ್ದರ ಕೆರೆಯ ಹೂಳೆತ್ತುವ ಕಾಮಗಾರಿಗೆ 2021ರ ಏಪ್ರಿಲ್‌ನಿಂದ ಈವರೆಗೆ ಪಾವತಿಸಿದ ಬಿಲ್ಲುಗಳ ಮತ್ತು ಅಳತೆ ಪುಸ್ತಕದ ದೃಢೀಕೃತ ನಕಲು ಒದಗಿಸಿ.’ ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿ ಒಂದು ಸೆಮಿಸ್ಟರಿನ ಭಾಷಾ ಪಾಠವಿದೆ. ವಿಶೇಷಣಗಳು ಬಿದ್ದುಹೋಗಿವೆ, ದಿನಾಂಕ ಬಂದಿದೆ, ಸರ್ವೆ ನಂಬರು ಮೊದಲ ಗಂಟೆಯ ನಕ್ಷೆಯಿಂದ ಬಂದಿದೆ. ಮಾಹಿತಿ ಯಾಕೆ ಬೇಕು ಎಂಬ ಕಾರಣ ಬರೆಯಬೇಕಿಲ್ಲ, ಕಾಯಿದೆಯ 6(2)ನೇ ಕಲಂ ಅದನ್ನು ಕೇಳಬಾರದೆನ್ನುತ್ತದೆ. ಆದರೂ ಹುಡುಗರು ‘ಮಾನ್ಯರೇ, ದಯಮಾಡಿ, ನಮ್ಮ ಓದಿನ ಸಲುವಾಗಿ’ ಎಂದು ಶುರು ಮಾಡುತ್ತಾರೆ. ಕೈಮುಗಿದು ಕೇಳುವುದಕ್ಕೂ ಹಕ್ಕಿನಿಂದ ಕೇಳುವುದಕ್ಕೂ ಇರುವ ವ್ಯತ್ಯಾಸ, ಆ ಸಾಲಿನ ಮೇಲೆ ಗೀಟು ಎಳೆಯುವಾಗ ಅವರಿಗೇ ತಿಳಿಯುತ್ತದೆ.

ಯಾವ ಕಚೇರಿಗೆ ಕಳಿಸುವುದು ಎಂಬುದೂ ಪಾಠವೇ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಪಂಚಾಯತ್ ರಾಜ್ ಸಂಸ್ಥೆಗಳು, ಊರೊಳಗಿದ್ದರೆ ಪುರಸಭೆ ಅಥವಾ ನಗರಸಭೆ. ತಪ್ಪು ಕಚೇರಿಗೆ ಹೋದರೂ ಅರ್ಜಿ ಹಾಳಾಗುವುದಿಲ್ಲ, ಐದು ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕೆಂದು 6(3) ಹೇಳುತ್ತದೆ.

ಇವಿಷ್ಟೂ ಎಡವುವುದು ಒಂದೇ ಕಡೆ, ತಾರೀಖಿನಲ್ಲಿ. ಉತ್ತರಕ್ಕೆ 30 ದಿನ. ಬರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೂ ಮತ್ತೆ ಸುಮಾರು ಅಷ್ಟೇ ದಿನ. ಫೀಲ್ಡ್ ವರ್ಕ್ ಎಂದರೆ ಸೆಮಿಸ್ಟರ್ ಕೊನೆಯ ತಿಂಗಳು ಎಂಬ ರೂಢಿಗೆ ಬಿದ್ದರೆ, ಉತ್ತರ ಬರುವ ಹೊತ್ತಿಗೆ ಅಂಕ ಅಪ್‌ಲೋಡ್ ಆಗಿ ಹುಡುಗರು ಊರು ಸೇರಿರುತ್ತಾರೆ. ಕೆರೆಗೆ ಎರಡನೆಯ ವಾರವೇ ಹೋಗಬೇಕು, ಅರ್ಜಿ ಮೂರನೆಯ ವಾರ ಸ್ಪೀಡ್ ಪೋಸ್ಟಿನಲ್ಲಿ ಹೊರಡಬೇಕು. ಎಂಟನೆಯ ವಾರಕ್ಕೆ ಉತ್ತರವನ್ನೋ ಮೇಲ್ಮನವಿಯನ್ನೋ ತರಗತಿಯಲ್ಲಿ ಓದಬಹುದು. ಅರ್ಜಿದಾರರ ವಿಳಾಸ ಎಂಬಲ್ಲಿ ಕಾಲೇಜಿನದು ಬೇಡ, ಮನೆಯದನ್ನೇ ಬರೆಸಿ. ಮನೆಯಿಂದ ಮೊದಲ ಬಾರಿಗೆ ಡಿಗ್ರಿಗೆ ಬಂದ ಹುಡುಗಿಯರು ಈ ತರಗತಿಗಳಲ್ಲಿ ತುಂಬ ಇದ್ದಾರೆ. ಸರ್ಕಾರಿ ಮೊಹರಿನ ಲಕೋಟೆ ಹಿಡಿದು ಪೋಸ್ಟ್‌ಮನ್ ಅವಳ ಹೆಸರು ಕೂಗಿದಾಗ ಬಾಗಿಲಿಗೆ ಬರುವುದು ಅವಳ ಅಪ್ಪನೋ ಅಮ್ಮನೋ. ಒಳಗಿನ ಬಿಲ್ಲುಗಳಲ್ಲಿ ಎಷ್ಟು ಟ್ರ್ಯಾಕ್ಟರ್ ಲೋಡು ಹೂಳು ತೆಗೆದರೆಂದು ಬರೆದಿದೆ ಎಂಬುದನ್ನು ಅವಳೇ ಅವರಿಗೆ ಓದಿ ಹೇಳಬೇಕಾಗುತ್ತದೆ.